ಎಣಿಸಿದವರು, ಎಣಿಕೆಗೆ ಸಿಕ್ಕವರು

1895ರಲ್ಲಿ ಶಿಕಾಗೋದ 19ನೇ ವಾರ್ಡಿನ ಗಲ್ಲಿಗಳಲ್ಲಿ ಬೆಳಗಿನ ಆರು ಗಂಟೆಗೆ ಕಸದ ಗಾಡಿ ಹೊರಟರೆ, ಅದರ ಬೆನ್ನಿಗೆ ಸ್ಥಿತಿವಂತರ ಮನೆಯ, ಕಾಲೇಜು ಓದಿದ ಹೆಣ್ಣುಮಗಳೊಬ್ಬರು ಹೊರಡುತ್ತಿದ್ದರು. ಜೇನ್ ಆಡಮ್ಸ್ ಆ ವರ್ಷ ವಾರ್ಡಿನ ಕಸದ ಇನ್‌ಸ್ಪೆಕ್ಟರ್. ಗಾಡಿ ಯಾವ ಗಲ್ಲಿ ಬಿಟ್ಟಿತು, ಕಸ ಎಲ್ಲಿ ಸುರಿಯಿತು ಎಂಬುದನ್ನು ಕಣ್ಣಾರೆ ಕಂಡೇ ಬರೆದುಕೊಳ್ಳಬೇಕೆಂಬ ಹಟ ಅವರದು. ಅವರು ಕಟ್ಟಿದ ಹಲ್ ಹೌಸ್ ಎಂಬ ನೆರೆಹೊರೆಯ ಸೇವಾಕೇಂದ್ರದಿಂದ ಅದೇ ವರ್ಷ ಒಂದು ಪುಸ್ತಕವೂ ಹೊರಬಂತು. ಫ್ಲಾರೆನ್ಸ್ ಕೆಲ್ಲಿ ಮತ್ತು ಸಂಗಡಿಗರು ಸುತ್ತಲಿನ ಮನೆಮನೆಗೂ ಹೋಗಿ, ಯಾವ ದೇಶದವರು, ವಾರಕ್ಕೆ ಎಷ್ಟು ಸಂಪಾದನೆ ಎಂದು ವಿಚಾರಿಸಿ, ಉತ್ತರಕ್ಕೆ ತಕ್ಕ ಬಣ್ಣ ತುಂಬಿದ ನಕ್ಷೆಗಳು ಅದರಲ್ಲಿದ್ದವು.

ಅಮೆರಿಕದಲ್ಲಿ ಪ್ರಗತಿಪರ ಯುಗ ಎಂದು ಕರೆಯುವ, ಸುಮಾರು 1890ರಿಂದ 1920ರವರೆಗಿನ ಸುಧಾರಣೆಯ ಕಾಲಕ್ಕೆ ಒಂದು ಧರ್ಮಶ್ರದ್ಧೆ ಇದ್ದಿದ್ದರೆ ಅದು ಈ ಎಣಿಕೆಯೇ. ಬಡತನ ಹಣೆಬರಹವೆಂದು ದೇವರ ಮೇಲೆ ಭಾರ ಹಾಕುತ್ತಿದ್ದ ಸಮಾಜಕ್ಕೆ ಈ ಜನ ಅಂಕಿಅಂಶ ಮುಂದಿಟ್ಟು ಲೆಕ್ಕ ಕೇಳಿದರು. ಪತ್ರಕರ್ತೆ ಇಡಾ ಟಾರ್ಬೆಲ್ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಬಂಡವಾಳ ಬಯಲಿಗೆಳೆದದ್ದೂ ದಾಖಲೆಗಳನ್ನು ಅಗೆದೇ. 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಲು ಆದೇಶಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಎಣಿಸುವ ಕೈ ಯಾರದು, ಎಣಿಕೆಗೆ ಸಿಕ್ಕವರ ಮಾತಿಗೆ ಅಲ್ಲಿ ಜಾಗವಿತ್ತೇ ಎಂದು ಕೇಳದೆ ಈ ಪರಂಪರೆಯನ್ನು ತೂಗಲಾಗದು.

ಈ ವಿಧಾನದ ಬಲವೂ ಮಿತಿಯೂ ಒಟ್ಟಿಗೆ ಕಾಣುವುದು ಒಂದು ಲಾಂಡ್ರಿಯ ಮೊಕದ್ದಮೆಯಲ್ಲಿ. ಬೇಕರಿ ಕೆಲಸಗಾರರ ದುಡಿಮೆಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕಿನ ಕಾಯಿದೆಯನ್ನು 1905ರಲ್ಲಿ ಸುಪ್ರೀಂ ಕೋರ್ಟ್ ಕರಾರಿನ ಸ್ವಾತಂತ್ರ್ಯದ ಹೆಸರಿನಲ್ಲಿ ತಳ್ಳಿಹಾಕಿತ್ತು. ಆರೆಗಾನ್‌ನಲ್ಲಿ ಹೆಂಗಸರಿಗೆ ಅಂಥದೇ ಮಿತಿ ಇತ್ತು. ಅದನ್ನು ಮೀರಿ ದುಡಿಸಿಕೊಂಡ ಪೋರ್ಟ್‌ಲ್ಯಾಂಡಿನ ಲಾಂಡ್ರಿ ಮಾಲೀಕ ಕರ್ಟ್ ಮುಲ್ಲರ್‌ಗೆ ಹತ್ತು ಡಾಲರ್ ದಂಡ ಬಿತ್ತು. ಆತ ಸುಪ್ರೀಂ ಕೋರ್ಟಿನವರೆಗೂ ಹೋದ. ಕಾಯಿದೆಯ ಪರ ನಿಂತ ವಕೀಲ ಲೂಯಿಸ್ ಬ್ರಾಂಡೈಸ್ ಸಲ್ಲಿಸಿದ ವಾದಪತ್ರ ನೂರು ಪುಟ ದಾಟಿತ್ತು. ಕಾನೂನಿನ ತರ್ಕ ಎರಡೇ ಪುಟ. ಮಿಕ್ಕದ್ದೆಲ್ಲ ವೈದ್ಯರ, ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿ. ಅವನ್ನು ಹುಡುಕಿ ಜೋಡಿಸಿದವರು ಜೋಸೆಫಿನ್ ಗೋಲ್ಡ್‌ಮಾರ್ಕ್. 1908ರಲ್ಲಿ ನ್ಯಾಯಾಲಯ ಒಮ್ಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು.

ಗೆಲುವಿನ ಬೆಲೆ ಆ ಪುಟಗಳಲ್ಲೇ ಇತ್ತು. ಹೆಣ್ಣಿನ ದೇಹ ದುರ್ಬಲ, ಅವಳು ನಾಳಿನ ತಾಯಿ, ಆದ್ದರಿಂದ ಅವಳನ್ನು ಕಾಯುವುದು ರಾಜ್ಯದ ಕರ್ತವ್ಯ: ವಾದ ನಿಂತದ್ದು ಇದರ ಮೇಲೆ. ಬೇಕರಿಯ ಗಂಡಸಿಗೆ ಸಿಗದ ರಕ್ಷಣೆ ಲಾಂಡ್ರಿಯ ಹೆಣ್ಣಿಗೆ ಸಿಕ್ಕಿತು; ಸಿಗುವಾಗ ಅಬಲೆ ಎಂಬ ಮುದ್ರೆಯನ್ನೂ ಒತ್ತಿಸಿಕೊಂಡು ಬಂತು.

ಅದೇ ಬ್ರಾಂಡೈಸ್ 1927ರ ಹೊತ್ತಿಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಬುದ್ಧಿಮಾಂದ್ಯಳೆಂದು ಅಧಿಕಾರಿಗಳು ತೀರ್ಮಾನಿಸಿದ್ದ ವರ್ಜೀನಿಯಾದ ಕ್ಯಾರಿ ಬಕ್‌ಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದೇ ಎಂಬುದು ಪ್ರಶ್ನೆ. ಎಂಟು ಮಂದಿ ಆಗಬಹುದೆಂದರು, ಒಬ್ಬರು ಕೂಡದೆಂದರು. ಬ್ರಾಂಡೈಸ್ ಎಂಟರಲ್ಲಿ ಒಬ್ಬರು. ಇಪ್ಪತ್ತು ವರ್ಷ ಮೊದಲೇ, 1907ರಲ್ಲಿ, ಇಂಡಿಯಾನಾ ರಾಜ್ಯ ಇಂಥ ಶಸ್ತ್ರಚಿಕಿತ್ಸೆಗೆ ಕಾಯಿದೆ ತಂದಿತ್ತು. ಇದನ್ನು ಪ್ರಗತಿಪರರ ದಾರಿತಪ್ಪಿದ ಹೆಜ್ಜೆ ಎಂದು ಬದಿಗಿಡುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಜ್ಞರ ವರದಿ, ಸಮಾಜದ ಹಿತ, ರಾಜ್ಯದ ರಕ್ಷಣೆ: ಲಾಂಡ್ರಿಯ ವಾದದ ಮಾತುಗಳೇ ಇಲ್ಲಿಯೂ ಇವೆ, ಎರಡು ಕಡೆಯೂ ಹೆಣ್ಣು ಮಾತಾಡಲಿಲ್ಲ, ಅವಳ ಬಗ್ಗೆ ಮಾತಾಡಿದರು. ಕಪ್ಪು ಜನರ ವಿಷಯಕ್ಕೆ ಬಂದರಂತೂ ಹಲವರ ಲೆಕ್ಕದ ಪುಸ್ತಕವೇ ಮುಚ್ಚಿಹೋಗುತ್ತಿತ್ತು. ಸುಧಾರಕರೆಂದು ಹೆಸರಾದ ವುಡ್ರೋ ವಿಲ್ಸನ್ ಅಧ್ಯಕ್ಷರಾದ 1913ರಲ್ಲೇ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ವರ್ಣಭೇದ ಬೇರು ಬಿಟ್ಟಿತು.

ಹಾಗೆಂದು ಇಡೀ ಪರಂಪರೆಯನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. 1909ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಮುಖಂಡರ ಭಾಷಣ ಕೇಳಿ ಕೇಳಿ ಸಾಕಾದ ಕ್ಲಾರಾ ಲೆಮ್ಲಿಕ್ ಎಂಬ ಹೊಲಿಗೆ ಕೆಲಸಗಾರ್ತಿ ಎದ್ದು, ಯಿದ್ದಿಷ್ ಭಾಷೆಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಳು. ಸುಮಾರು ಇಪ್ಪತ್ತು ಸಾವಿರ ಮಂದಿ ಬೀದಿಗಿಳಿದರು. ಟ್ರಯಾಂಗಲ್ ಎಂಬ ಹೊಲಿಗೆ ಕಂಪನಿ ಮಾತ್ರ ಕಾರ್ಮಿಕ ಸಂಘವನ್ನು ಒಪ್ಪಲಿಲ್ಲ. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿತ್ತು. ಒಂಬತ್ತನೇ ಮಹಡಿಯ ಬಾಗಿಲಿಗೆ ಬೀಗ. ಅಗ್ನಿಶಾಮಕರ ಏಣಿ ಮುಟ್ಟಿದ್ದು ಆರನೆಯದರವರೆಗೆ. 146 ಜನ ಸತ್ತರು. ಆಮೇಲಿನ ತನಿಖಾ ಆಯೋಗದಲ್ಲಿ ಶಾಸಕರ ಜೊತೆ ಕಾರ್ಮಿಕ ನಾಯಕ ಸ್ಯಾಮ್ಯುಯಲ್ ಗಾಂಪರ್ಸ್ ಕೂತರು, ಕೆಲಸಗಾರರೂ ಸಾಕ್ಷಿ ಹೇಳಿದರು. ಬೀಗ ಹಾಕದ ಬಾಗಿಲು, ಬೆಂಕಿಯ ಕವಾಯತು, ನೀರು ಚಿಮ್ಮುವ ಕೊಳವೆ ಕಾನೂನಾದವು. ಬೆಂಕಿಯನ್ನು ಬೀದಿಯಲ್ಲಿ ನಿಂತು ಕಂಡಿದ್ದ ಫ್ರಾನ್ಸೆಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವರಾದರು.

ಇಲ್ಲಿ ಅಂಕಿಯ ಹಿಂದೆ ಬೀದಿಯ ದನಿ ಇತ್ತು. ಅದಕ್ಕೇ ಆ ಕಾನೂನು ಯಾರನ್ನೂ ಅಬಲೆ ಮಾಡದೆ ಬಾಗಿಲು ತೆರೆಸಿತು. ಆಡಮ್ಸ್‌ಗೆ ಇದು ಮೊದಲೇ ತಿಳಿದಿತ್ತೇನೋ. ಅವರು ಇನ್‌ಸ್ಪೆಕ್ಟರ್ ಆಗುವ ಮುಂಚೆ, ಹಲ್ ಹೌಸ್ ಮಹಿಳಾ ಸಂಘದವರು ಸಂಜೆಯ ಹೊತ್ತು ಅದೇ ಗಲ್ಲಿಗಳಲ್ಲಿ ತಿರುಗಿ, ಎರಡು ತಿಂಗಳಲ್ಲಿ ಆರೋಗ್ಯ ಇಲಾಖೆಗೆ ಸಾವಿರಕ್ಕೂ ಮಿಕ್ಕಿ ದೂರು ಕಳಿಸಿದ್ದರು. ಅದೂ ಎಣಿಕೆಯೇ. ಆದರೆ ಎಣಿಸಿದವರು, ಆ ಕಸದ ವಾಸನೆಯಲ್ಲೇ ಮಕ್ಕಳನ್ನು ಮಲಗಿಸುತ್ತಿದ್ದ ನೆರೆಹೊರೆಯ ಹೆಂಗಸರು.