ಹದಿನೇಳರಲ್ಲಿ ಒಂದೇ ಡಾಲ್ಫಿನ್

ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡೋ ಗೆಳೆಯ ಒಂದು ಶುಕ್ರವಾರ ಸಂಜೆ ‘ವಾರ್ ಆಫ್ ದಿ ವೇಲ್ಸ್’ ಪುಸ್ತಕವನ್ನ ನನ್ನ ಕೀಬೋರ್ಡ್ ಮೇಲೆ ಇಟ್ಟು, "ಓದು ಮಾರಾಯ. ಇನ್ಮೇಲೆ ಡಾಲ್ಫಿನ್‌ಗಳು ಹಿಂಡುಹಿಂಡಾಗಿ ದಡಕ್ಕೆ ಬಂದು ಸತ್ತವು ಅಂತ ಸುದ್ದಿ ಬಂದ್ರೆ ಅದು ಯಾರ ಕೆಲಸ ಅಂತ ಕೇಳೋದೇ ಬೇಡ" ಅಂದ. ಎರಡು ವೀಕೆಂಡಲ್ಲಿ ಮುಗಿಸಿದೆ. ಒಂದು ರಾತ್ರಿಯಂತೂ ಎರಡು ಗಂಟೆವರೆಗೆ ಕೆಳಗಿಡೋಕೆ ಆಗಲಿಲ್ಲ. ಮುಗಿಸಿದ ಮೇಲೆ ನನಗೂ ಯಾರ ಕೆಲಸ ಅಂತ ಗೊತ್ತಾಗಿಬಿಟ್ಟಿತ್ತು. ಪುಸ್ತಕದ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ.

ಜೋಶುವಾ ಹಾರ್ವಿಟ್ಜ್ 2014ರಲ್ಲಿ ಬರೆದ ಪುಸ್ತಕ ಇದು. ಕಾದಂಬರಿ ಅಲ್ಲ, ನಡೆದ ಕತೆ. 2000ನೇ ಇಸವಿ ಮಾರ್ಚ್ 15ರ ಬೆಳಗ್ಗೆ ಬಹಾಮಾಸ್‌ನ ಅಬಾಕೊ ದ್ವೀಪದಲ್ಲಿ ಕೆನ್ ಬಾಲ್ಕಂ ಅನ್ನೋ ಸಂಶೋಧಕರ ಮನೆ ಮುಂದೆಯೇ ಒಂದು ಕೊಕ್ಕಿನ ತಿಮಿಂಗಿಲ ದಡಕ್ಕೆ ಬಂದು ಸಿಕ್ಕಿಕೊಳ್ಳುತ್ತೆ. ಕೊಕ್ಕಿನ ತಿಮಿಂಗಿಲ ಅಂದ್ರೆ ಒಂದು ಕಿಲೋಮೀಟರಿಗಿಂತ ಆಳಕ್ಕೆ ಮುಳುಗಿ ಬೇಟೆಯಾಡೋ ಪ್ರಾಣಿ, ದಡದ ಹತ್ತಿರ ಅದಕ್ಕೇನೂ ಕೆಲಸವಿಲ್ಲ. ಬಾಲ್ಕಂ ಅದನ್ನ ನೀರಿಗೆ ತಳ್ಳಿ ಉಸಿರು ಬಿಡೋದ್ರೊಳಗೆ ಇನ್ನೊಂದು ಬಂತು ಅಂತ ಸುದ್ದಿ, ಮತ್ತೊಂದು ಬಂತು ಅಂತ ಸುದ್ದಿ. 36 ಗಂಟೆಗಳಲ್ಲಿ 240 ಕಿಲೋಮೀಟರ್ ಉದ್ದದ ದಂಡೆಯ ಮೇಲೆ ಒಟ್ಟು 17 ಪ್ರಾಣಿಗಳು.

ಇದೇ ಬಾಲ್ಕಂ ಹಿಂದೆ ಅಮೆರಿಕದ ನೌಕಾಪಡೆಯಲ್ಲಿ, ಕಡಲಿನೊಳಗೆ ಶತ್ರುಗಳ ಸಬ್‌ಮರೀನ್ ಸದ್ದು ಆಲಿಸೋ ಗುಟ್ಟಿನ ವಿಭಾಗದಲ್ಲಿ ಇದ್ದವರು. ಹೊಟ್ಟೆಪಾಡು ಕೊಟ್ಟ ಮನೆಯ ಮೇಲೇ ಅವರಿಗೆ ಈಗ ಅನುಮಾನ. ಸತ್ತ ತಿಮಿಂಗಿಲಗಳ ತಲೆಗಳನ್ನ ಕತ್ತರಿಸಿ ಫ್ರೀಜರಿನಲ್ಲಿ ಇಟ್ಟರು. ಕೇಳೋಕೆ ಒಂಥರಾ ಅನ್ಸುತ್ತೆ, ಆದ್ರೆ ಇಡೀ ಕತೆ ನಿಂತಿರೋದು ಆ ಫ್ರೀಜರಿನ ಮೇಲೆ. ಆ ತಲೆಗಳು ಅಮೆರಿಕಕ್ಕೆ ಹೋದವು, ತಿಮಿಂಗಿಲಗಳ ಕಿವಿಯನ್ನೇ ಅಧ್ಯಯನ ಮಾಡೋ ಡಾರ್ಲೀನ್ ಕೆಟನ್ ಅವುಗಳನ್ನ ಸಿ.ಟಿ. ಸ್ಕ್ಯಾನ್ ಮಾಡಿದರು, ಕಿವಿಯ ಸುತ್ತ, ಮೆದುಳಿನ ಸುತ್ತ ರಕ್ತ ಸೋರಿದ ಗುರುತು ಸಿಕ್ಕಿತು. 2001ರ ಡಿಸೆಂಬರಿನಲ್ಲಿ ನೌಕಾಪಡೆ ಮತ್ತು ಅಲ್ಲಿನ ಮೀನುಗಾರಿಕೆ ಇಲಾಖೆ ಸೇರಿ ಕೊಟ್ಟ ವರದಿಯಲ್ಲಿ, ಹಡಗುಗಳು ಬಳಸಿದ ಮಧ್ಯಮ ಕಂಪನಾಂಕದ ಸೋನಾರೇ ಇದಕ್ಕೆ ಅತ್ಯಂತ ಸಂಭವನೀಯ ಮೂಲ ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡ ಸೈನ್ಯ ತನ್ನ ಕೈಯಾರೆ ಹಾಗೆ ಬರೆದು ಕೊಡೋದು ಸಣ್ಣ ಮಾತಲ್ಲ. ಆಮೇಲಿನ ಕೋರ್ಟ್ ಕೇಸುಗಳು, ವಕೀಲ ಜೋಯೆಲ್ ರೆನಾಲ್ಡ್ಸ್ ಹೋರಾಟ, 2008ರಲ್ಲಿ ಸುಪ್ರೀಂ ಕೋರ್ಟ್ ನೌಕಾಪಡೆಯ ಪರ ಕೊಟ್ಟ ತೀರ್ಪು, ಎಲ್ಲವೂ ಪುಸ್ತಕದಲ್ಲಿದೆ. ಕೋರ್ಟಿನ ಭಾಗ ನನಗೆ ಸ್ವಲ್ಪ ಉದ್ದ ಅನ್ನಿಸಿತು, ಅದು ಬಿಡಿ.

ಪುಸ್ತಕ ಮುಗಿಸಿದ ಉತ್ಸಾಹದಲ್ಲಿ ಆ ವರದಿಯನ್ನೇ ಹುಡುಕಿ ಓದೋಣ ಅಂತ ಕೂತೆ. ಲಾಗ್ ನೋಡದೆ ಯಾರ ಮಾತೂ ನಂಬಬಾರದು ಅನ್ನೋದು ಈ ಉದ್ಯೋಗ ಕಲಿಸಿದ ಕೆಟ್ಟ ಚಟ. ಆ 17ರಲ್ಲಿ 14 ಕೊಕ್ಕಿನ ತಿಮಿಂಗಿಲಗಳು, 2 ಮಿಂಕೆ ತಿಮಿಂಗಿಲಗಳು. ಉಳಿದದ್ದು ಒಂದೇ ಒಂದು ಚುಕ್ಕೆ ಡಾಲ್ಫಿನ್. ಅದನ್ನ ಪರೀಕ್ಷೆ ಮಾಡಿ ನೋಡಿದ್ರೆ ಮೊದಲೇ ಕಾಯಿಲೆ ಬಿದ್ದು ಸೊರಗಿದ್ದ ಲಕ್ಷಣ. ಉಳಿದವುಗಳ ಜೊತೆ ಅದರ ಸಾವಿಗೆ ಸಂಬಂಧ ಇರಲಿಕ್ಕಿಲ್ಲ ಅಂತ ವರದಿ ಹೇಳುತ್ತೆ.

ಒಂದು ನಿಮಿಷ ಸುಮ್ಮನೆ ಕೂತೆ. ಅದೇ ಕಡಲು, ಅದೇ ದಿನ, ಅದೇ ಸೋನಾರ್. ಆದರೂ ಆ ಡಾಲ್ಫಿನ್ ಬಂದಿದ್ದು ಬೇರೆ ಕಾರಣಕ್ಕೆ. ನಾನೂ ನನ್ನ ಗೆಳೆಯನೂ ಜಗತ್ತಿನ ಎಲ್ಲ ಡಾಲ್ಫಿನ್‌ಗಳ ಸಾವಿನ ಉತ್ತರ ಅಂತ ಜೇಬಿಗೆ ಹಾಕ್ಕೊಂಡಿದ್ದ ಕೇಸಿನಲ್ಲಿ ಇದ್ದ ಒಂದೇ ಡಾಲ್ಫಿನ್ ಆ ಉತ್ತರಕ್ಕೆ ಹೊಂದೋದೇ ಇಲ್ಲ.

ಇದರಲ್ಲಿ ಹಾರ್ವಿಟ್ಜ್ ತಪ್ಪೆಷ್ಟು? ಅವರು ಸುಳ್ಳು ಬರೆದಿಲ್ಲ. ಆದ್ರೆ ಪತ್ತೇದಾರಿ ಕತೆಯ ಧಾಟಿಯಲ್ಲಿ ಬರೆದಿದ್ದಾರೆ, ಆ ಧಾಟಿಗೆ ಒಬ್ಬ ಅಪರಾಧಿ ಬೇಕೇ ಬೇಕು. ಬಹಾಮಾಸ್‌ನಲ್ಲಿ ಅಪರಾಧಿ ನಿಜವಾಗಿಯೂ ಒಬ್ಬನೇ ಇದ್ದ, ಹಾಗಾಗಿ ಧಾಟಿ ಒಪ್ಪಿತು. ಕೊಕ್ಕಿನ ತಿಮಿಂಗಿಲಗಳು ಗುಂಪಾಗಿ ದಡ ಸೇರೋದು 1950ಕ್ಕಿಂತ ಮೊದಲು ತೀರಾ ಅಪರೂಪ, ಈ ಜಾತಿಯ ಸೋನಾರ್ ಬಳಕೆಗೆ ಬಂದ ಮೇಲೆ ಅದು ಹೆಚ್ಚಾಯಿತು. ಡಾಲ್ಫಿನ್‌ಗಳ ಲೆಕ್ಕ ಹಾಗಲ್ಲ. ಡಾಲ್ಫಿನ್‌ಗಳು ಯಾಕೆ ದಡಕ್ಕೆ ನುಗ್ಗುತ್ತವೋ ಗೊತ್ತಿಲ್ಲ ಅಂತ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. 1918ರಲ್ಲಿ ನ್ಯೂಜಿಲೆಂಡಿನ ಚಾಟಮ್ ದ್ವೀಪಗಳಲ್ಲಿ ಸುಮಾರು 1000 ಪೈಲಟ್ ತಿಮಿಂಗಿಲಗಳು ದಡಕ್ಕೆ ಬಂದವು. ಹೆಸರಲ್ಲಿ ತಿಮಿಂಗಿಲ ಅಂತಿದ್ರೂ ಇವು ಡಾಲ್ಫಿನ್ ಕುಟುಂಬಕ್ಕೆ ಸೇರಿದವು. ಸೋನಾರ್ ಹುಟ್ಟೋಕೆ ಮೊದಲೇ ಇದ್ದ ಬಗ್‌ಗೆ ಸೋನಾರ್ ಒಂದನ್ನೇ ಹೊಣೆ ಮಾಡೋದು ಹೇಗೆ?

ನಮ್ಮೂರಲ್ಲಿ ನಾನು ಆರನೇ ಕ್ಲಾಸಲ್ಲಿದ್ದಾಗ ಪಕ್ಕದ ಮನೆಯ ಎಮ್ಮೆ ರಾತ್ರೋರಾತ್ರಿ ಸತ್ತಿತು. ಬೆಳಗ್ಗೆ ಹತ್ತು ಗಂಟೆಯೊಳಗೆ ಹಾವು ಕಚ್ಚಿದ್ದು ಅಂತ ಒಬ್ಬರು, ಯಾರದೋ ಕಣ್ಣು ಬಿತ್ತು ಅಂತ ಇನ್ನೊಬ್ಬರು, ಎಳೇ ಜೋಳದ ಪೈರು ತಿಂದಿತ್ತು ಅಂತ ನಮ್ಮಜ್ಜ. ಪಶು ಡಾಕ್ಟರು ಮಧ್ಯಾಹ್ನ ಬೈಕಲ್ಲಿ ಬಂದಾಗ ಎಮ್ಮೆಯನ್ನ ಹೂತು ಮಣ್ಣು ಮುಚ್ಚಿ ಆಗಿತ್ತು. ಅವರು ಟೀ ಕುಡಿದು ಹೋದರು. ಆ ಮೂರೂ ಕಾರಣಗಳು ನಮ್ಮೂರಲ್ಲಿ ಇವತ್ತಿಗೂ ಬದುಕಿವೆ.

2016ರ ಜನವರಿಯಲ್ಲಿ ತಮಿಳುನಾಡಿನ ತೂತುಕುಡಿ ಜಿಲ್ಲೆಯ ಮಣಪಾಡು, ತಿರುಚೆಂದೂರು ದಂಡೆಗೆ 80ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಬಂದಾಗ ನನಗೆ ಆ ಎಮ್ಮೆ ನೆನಪಾಯ್ತು. ಮೀನುಗಾರರು ರಾತ್ರಿಯೆಲ್ಲ ಒದ್ದಾಡಿ ದೋಣಿ ಕಟ್ಟಿ ಎಳೆದು ಆಳಕ್ಕೆ ಬಿಟ್ಟರು, ಬಿಟ್ಟವುಗಳಲ್ಲಿ ಕೆಲವು ತಿರುಗಿ ದಡಕ್ಕೇ ಬಂದವು. 40ಕ್ಕೂ ಹೆಚ್ಚು ಸತ್ತವು, ಅವುಗಳನ್ನ ದೊಡ್ಡ ಗುಂಡಿ ತೆಗೆಸಿ ಹೂತರು. ಸಂಜೆಯೊಳಗೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಭೂಕಂಪ, ಸುನಾಮಿ, ನೌಕಾಪಡೆ, ಎಲ್ಲವೂ ಬಂದು ಹೋಗಿತ್ತು. ಇದೇ ಮಣಪಾಡಿನಲ್ಲಿ, ಇದೇ ಜನವರಿ ತಿಂಗಳಲ್ಲಿ, 1973ರಲ್ಲಿ 147 ಪೈಲಟ್ ತಿಮಿಂಗಿಲಗಳು ದಡಕ್ಕೆ ಬಂದಿದ್ದವು ಅನ್ನೋದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಅದೇ ಸರ್ವರ್, ಅದೇ ತಿಂಗಳು, 43 ವರ್ಷ ಬಿಟ್ಟು ಮತ್ತೆ ಕ್ರ್ಯಾಶ್. ನಮ್ಮ ಟೀಮಲ್ಲಿ ಹೀಗಾಗಿದ್ರೆ ಮೊದಲು ನೋಡ್ತಿದ್ದದ್ದು ಸರ್ವರನ್ನ, ಅಂದ್ರೆ ಆ ದಂಡೆಯ ಆಕಾರ, ಆ ಋತುವಿನ ಗಾಳಿ, ನೀರಿನ ಹರಿವು.

ದಂಡೆಯ ಆಕಾರ ಅಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಕೇಪ್ ಕಾಡ್ ಕೊಲ್ಲಿ ಮೀನಿನ ಗಾಳದ ಹಾಗೆ ಬಾಗಿದೆ, ನ್ಯೂಜಿಲೆಂಡಿನ ಫೇರ್‌ವೆಲ್ ಸ್ಪಿಟ್ ಕೂಡ ಕೊಕ್ಕೆಯ ಹಾಗೇ ಇದೆ. ನಿಧಾನಕ್ಕೆ ಇಳಿಯೋ ಮರಳು ತಳದಿಂದ ಡಾಲ್ಫಿನ್ ಕಳಿಸಿದ ಸದ್ದು ಸರಿಯಾಗಿ ತಿರುಗಿ ಬರಲ್ಲ, ಮುಂದೆ ದಡ ಇದೆ ಅಂತ ಅದಕ್ಕೆ ಗೊತ್ತಾಗೋದೇ ತಡ. ಅಷ್ಟರಲ್ಲಿ ಇಳಿತ ಶುರುವಾಗಿ ನೀರು ಕಾಲುಕೀಳುತ್ತೆ. ಕೇಪ್ ಕಾಡಲ್ಲಿ ಹೀಗೆ ಸಿಕ್ಕಿಬಿದ್ದವುಗಳಲ್ಲಿ ಎಷ್ಟೋ ಆರೋಗ್ಯವಾಗಿಯೇ ಇರುತ್ತವೆ. ಫೇರ್‌ವೆಲ್ ಸ್ಪಿಟ್‌ನಲ್ಲಿ 2017ರ ಫೆಬ್ರವರಿಯಲ್ಲಿ ಒಂದೇ ಸಲಕ್ಕೆ 400ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಬಂದವು. ಕಾರಣ ಕೇಳೋದಕ್ಕೆ ನೀರಸ, ಗೊತ್ತು. ಮರಳನ್ನ ಖಳನಾಯಕ ಮಾಡಿ ಯಾರೂ ಸಿನಿಮಾ ತೆಗೆಯಲ್ಲ.

ಭೂಕಂಪದ ಕತೆ ಇನ್ನೊಂದು. 2011ರ ಮಾರ್ಚ್ ಮೊದಲ ವಾರದಲ್ಲಿ ಜಪಾನಿನ ಇಬಾರಾಕಿಯಲ್ಲಿ 50ರಷ್ಟು ಡಾಲ್ಫಿನ್ ಜಾತಿಯ ಪ್ರಾಣಿಗಳು ದಡಕ್ಕೆ ಬಂದವು, ಒಂದು ವಾರದಲ್ಲಿ ಆ ಭಯಂಕರ ಸುನಾಮಿ. ನಂಬೋಕೆ ಇನ್ನೇನು ಬೇಕು? 2015ರ ಏಪ್ರಿಲಿನಲ್ಲಿ ಅದೇ ಇಬಾರಾಕಿಯಲ್ಲಿ ಅದೇ ಜಾತಿಯ 150ರಷ್ಟು ಬಂದವು. ಜಪಾನಿನ ಜನ ಹೆದರಿ ಕೂತರು. ಅಂಥ ಭೂಕಂಪ ಯಾವುದೂ ಆಗಲಿಲ್ಲ. ಎರಡನೇ ಸುದ್ದಿ ಯಾರ ನೆನಪಲ್ಲೂ ಇಲ್ಲ.

ಇನ್ನು ನನಗೆ ತುಂಬ ಇಷ್ಟವಾಗಿದ್ದ ಒಂದು ಕಾರಣ ಇತ್ತು. ಪೈಲಟ್ ತಿಮಿಂಗಿಲಗಳು ಒಂದೇ ಕುಟುಂಬದವು, ಒಬ್ಬರಿಗೆ ಕಾಯಿಲೆ ಆದ್ರೆ ಉಳಿದವರು ಬಿಟ್ಟು ಹೋಗಲ್ಲ, ಅದಕ್ಕೇ ಎಲ್ಲವೂ ಒಟ್ಟಿಗೆ ದಡ ಸೇರ್ತವೆ ಅನ್ನೋದು. ಕೂಡು ಕುಟುಂಬದಲ್ಲಿ ಬೆಳೆದ ನನ್ನಂಥವನಿಗೆ ಇದು ಕೇಳಿದ ಕೂಡಲೇ ನಿಜ ಅನ್ನಿಸಿತ್ತು. 2013ರಲ್ಲಿ ನ್ಯೂಜಿಲೆಂಡ್ ಮತ್ತು ಟಾಸ್ಮೇನಿಯಾ ದಂಡೆಗಳಲ್ಲಿ ಸಿಕ್ಕ ಪೈಲಟ್ ತಿಮಿಂಗಿಲಗಳ ಡಿಎನ್ಎ ಪರೀಕ್ಷೆಯ ಫಲಿತಾಂಶ ಪ್ರಕಟವಾಯ್ತು. ಒಂದೇ ಹಿಂಡಿನಲ್ಲಿ ಬೇರೆ ಬೇರೆ ತಾಯಿಬೇರಿನವು ಇದ್ದವು, ಮರಿಗಳು ಎಷ್ಟೋ ಸಲ ತಾಯಿಯಿಂದ ದೂರ ಬಿದ್ದಿದ್ದವು. ಎಲ್ಲರೂ ಒಂದೇ ಮನೆಯವರು ಅನ್ನೋ ಕತೆ ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ.

ಹಾಗಂತ ನೌಕಾಪಡೆಗಳಿಗೆ ಕ್ಲೀನ್ ಚಿಟ್ ಕೊಡೋಕೆ ನಾನು ಬಂದಿಲ್ಲ. 2008ರ ಜೂನ್ 9ರಂದು ಇಂಗ್ಲೆಂಡಿನ ಫಾಲ್ಮತ್ ಹತ್ತಿರ ಕನಿಷ್ಠ 26 ಡಾಲ್ಫಿನ್‌ಗಳು ಸತ್ತವು. ತನಿಖೆ ಮಾಡಿದವರು ಐದು ವರ್ಷದ ನಂತರ ಪ್ರಕಟಿಸಿದ ಪ್ರಬಂಧ ಓದಿ, ನಮ್ಮ ಆಫೀಸಿನ ಯಾವ ಆರ್‌ಸಿಎ ಡಾಕ್ಯುಮೆಂಟೂ ಅದರ ಹತ್ತಿರ ಬರಲ್ಲ. ಸೋಂಕು ಇತ್ತಾ, ಇಲ್ಲ. ಬಲೆಗೆ ಸಿಕ್ಕಿದ್ದವಾ, ಇಲ್ಲ. ದೋಣಿ ಹೊಡೆದಿತ್ತಾ, ವಿಷವಾ, ಕೆಟ್ಟ ಹವೆಯಾ, ಭೂಕಂಪವಾ, ಒಂದೊಂದನ್ನೇ ನೋಡಿ ಪಕ್ಕಕ್ಕೆ ಇಟ್ಟಿದ್ದಾರೆ. ಕೊನೆಗೆ ಉಳಿದದ್ದು ಆ ದಿನಗಳಲ್ಲಿ ಅಲ್ಲೇ ಹತ್ತಿರ ನಡೆದಿದ್ದ ನೌಕಾ ಸಮರಾಭ್ಯಾಸ. ಅಷ್ಟಾದರೂ ಅವರು ಬಳಸಿದ ಪದ ‘ಅತ್ಯಂತ ಸಂಭವನೀಯ’, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಅದೇ ವರ್ಷ ಮಡಗಾಸ್ಕರಿನ ಉಪ್ಪುನೀರಿನ ಹಿನ್ನೀರೊಳಗೆ 100ರಷ್ಟು ಡಾಲ್ಫಿನ್ ಜಾತಿಯ ಪ್ರಾಣಿಗಳು ನುಗ್ಗಿ ಸತ್ತಾಗ ತಜ್ಞರ ಸಮಿತಿ ಬೊಟ್ಟು ಮಾಡಿದ್ದು ಯುದ್ಧನೌಕೆಯ ಕಡೆಗಲ್ಲ. ತೈಲ ಕಂಪನಿಯ ಸರ್ವೆ ಹಡಗೊಂದು ಕಡಲ ತಳದ ನಕ್ಷೆ ತೆಗೆಯೋಕೆ ಬಳಸಿದ 12 ಕಿಲೋಹರ್ಟ್ಜ್ ಎಕೋಸೌಂಡರ್ ಕಡೆಗೆ. ಖಳನಾಯಕ ಯೂನಿಫಾರ್ಮಲ್ಲೇ ಬರ್ತಾನೆ ಅಂತ ಕಾಯ್ತಾ ಕೂತವನಿಗೆ ಈ ಕೇಸು ಕಾಣೋದೇ ಇಲ್ಲ.

ಸರಿಯಾದ ಕಾರಣ ಹಿಡಿದ್ರೆ ಏನಾಗತ್ತೆ ಅನ್ನೋದಕ್ಕೆ ಕ್ಯಾನರಿ ದ್ವೀಪಗಳನ್ನ ನೋಡಿ. 2002ರ ಸೆಪ್ಟೆಂಬರಿನಲ್ಲಿ ನೇಟೋ ಸಮರಾಭ್ಯಾಸದ ಹೊತ್ತಲ್ಲಿ ಅಲ್ಲಿ 14 ಕೊಕ್ಕಿನ ತಿಮಿಂಗಿಲಗಳು ದಡ ಸೇರಿದವು. ಕೊಳೆಯೋ ಮೊದಲೇ ಕೊಯ್ದು ನೋಡಿದ್ದರಿಂದ, ಆಳದಿಂದ ಗಾಬರಿಯಲ್ಲಿ ಮೇಲೆದ್ದ ಮುಳುಗುಗಾರರಿಗೆ ಆಗೋ ಹಾಗೆ ಅಂಗಾಂಗಗಳಲ್ಲಿ ಗಾಳಿಗುಳ್ಳೆಗಳು ಸಿಕ್ಕವು. 2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಸೋನಾರನ್ನ ನಿಷೇಧಿಸಿತು. ಆಮೇಲೆ ಅಲ್ಲಿ ಕೊಕ್ಕಿನ ತಿಮಿಂಗಿಲಗಳು ಹಾಗೆ ಗುಂಪಾಗಿ ಬಂದು ಸಾಯೋದು ನಿಂತಿತು. ಕೇಪ್ ಕಾಡಿನಲ್ಲಿ ಸೋನಾರ್ ನಿಷೇಧಿಸಿದ್ರೆ ಮರಳು ದಿಬ್ಬವೇನೂ ಕರಗಲ್ಲ. ಅಲ್ಲಿ ಬೇಕಾಗಿರೋದು ಇಳಿತಕ್ಕೆ ಮೊದಲೇ ದೋಣಿ ತಗೊಂಡು ಹೋಗಿ ಹಿಂಡನ್ನ ಆಳಕ್ಕೆ ತಿರುಗಿಸೋ ಜನ, ಸಿಕ್ಕಿಬಿದ್ದವನ್ನ ಗಾಡಿಯಲ್ಲಿ ಬೇರೆ ದಂಡೆಗೆ ಸಾಗಿಸಿ ಬಿಡೋ ಜನ. ಅವರು ಅದನ್ನ ಮಾಡ್ತಲೂ ಇದ್ದಾರೆ.

ಪುಸ್ತಕ ಓದಬೇಡಿ ಅಂತ ಹೇಳ್ತಿಲ್ಲ. ಫ್ರೀಜರಿನ ಭಾಗಕ್ಕಾದ್ರೂ ಓದಿ. ಬಾಲ್ಕಂ ಅವತ್ತು ಕೋಪ ಮಾಡ್ಕೊಂಡು ಸುಮ್ಮನಾಗಿದ್ದಿದ್ರೆ ನೌಕಾಪಡೆಗೆ ಆ ವರದಿ ಬರೆಯೋ ಅಗತ್ಯವೇ ಬರ್ತಿರಲಿಲ್ಲ. ಚಾಕು ಹಿಡಿದು ಕೂತು ತಲೆ ಕತ್ತರಿಸಿ, ಲೇಬಲ್ ಹಚ್ಚಿ, ಇದು ಹಾಳಾಗದ ಹಾಗೆ ಯಾರ ಕೈಗೆ ತಲುಪಿಸಲಿ ಅಂತ ಒದ್ದಾಡಿದ ಆ ದಿನಗಳ ಪುಟಗಳನ್ನ ನಾನು ಎರಡು ಸಲ ಓದಿದೆ.

ಗೆಳೆಯನಿಗೆ ಆ ಹದಿನೇಳನೇ ಡಾಲ್ಫಿನ್ ಬಗ್ಗೆ ಹೇಳಿದೆ. "ಒಂದು ಡಾಲ್ಫಿನ್ ತಾನೇ, ಔಟ್‌ಲಯರ್ ಬಿಡೋ" ಅಂದ. ವರದಿಯ ಪಿಡಿಎಫ್ ಕಳಿಸಿದ್ದೀನಿ. ಇನ್ನೂ ತೆರೆದಿಲ್ಲ ಅನ್ಸುತ್ತೆ, ಪುಸ್ತಕ ಯಾವಾಗ ವಾಪಸ್ ಕೊಡ್ತೀಯ ಅಂತ ಮಾತ್ರ ದಿನಾ ಕೇಳ್ತಾನೆ.