ನಡುಗುವ ಮಾಣಿಕ್ಯ

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ದಾಳಿಂಬೆಗೇನೂ ಬರವಿಲ್ಲ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲೇ ಇದೆ. 2016ರಲ್ಲಿ ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಆದರೆ ಜೆಲ್ಲಿ ಮಾಡಹೊರಟರೆ, ಇಷ್ಟು ಚೆಲುವಾದ ರಸಕ್ಕೆ ಒಂಟಿಯಾಗಿ ಗಟ್ಟಿಯಾಗುವ ಶಕ್ತಿಯಿಲ್ಲ, ಪೆಕ್ಟಿನ್ ಕಡಿಮೆ. ಅದನ್ನು ಕೊಡುವುದು ಬಡಪಾಯಿ ಪೇರಲ.

ಅರೆಹಣ್ಣಾದ ಪೇರಲವನ್ನು ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಅರ್ಧ ಗಂಟೆ ಬೇಯಿಸಿ, ಬಟ್ಟೆಯಲ್ಲಿ ಇಳಿಬಿಡಬೇಕು. ಹಿಂಡಿದಿರೋ, ಜೆಲ್ಲಿ ಮಬ್ಬಾಯಿತು! ತಾನಾಗಿ ತೊಟ್ಟಿಕ್ಕಿದ ತಿಳಿಗೆ ಅಷ್ಟೇ ದಾಳಿಂಬೆ ರಸ, ಲೋಟಕ್ಕೆ ಮುಕ್ಕಾಲು ಲೋಟ ಸಕ್ಕರೆ, ಒಂದಿಷ್ಟು ನಿಂಬೆರಸ ಬೆರೆಸಿ ಜೋರು ಉರಿಯಲ್ಲಿ ಕುದಿಸಬೇಕು.

ಆಮೇಲಿನ ಗಳಿಗೆಯೇ ನನಗಿಷ್ಟ. ಸೌಟು ಓರೆ ಮಾಡಿದರೆ ಮೊದಲು ಹನಿ ಹನಿ; ಸ್ವಲ್ಪ ಹೊತ್ತಿಗೆ ಎರಡು ಹನಿ ಅಂಚಿನಲ್ಲೇ ಕೈಹಿಡಿದು, ಪರದೆಯಂತೆ ಒಟ್ಟಿಗೆ ಜಾರುತ್ತವೆ. ತಕ್ಷಣ ಇಳಿಸಬೇಕು, ತಡವಾದರೆ ಅಂಟುಪಾಕ.

ಕುದಿನೀರಲ್ಲಿ ಕಾಯಿಸಿದ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಮುಚ್ಚಿ, ಅಲುಗಿಸದೆ ಬಿಡಿ. ತೆರೆದ ಮೇಲೆ ಫ್ರಿಜ್, ಒಣ ಚಮಚ. ಬೂಸ್ಟು ಕಂಡರೆ ಮೇಲಿನದಷ್ಟೇ ಕೆರೆಯಬೇಡಿ, ಇಡೀ ಬಾಟಲಿ ಚೆಲ್ಲಿ.

ಬೆಳಿಗ್ಗೆ ತಾಟಿನಲ್ಲಿ ಶೇಂಗಾ ಚಟ್ನಿಯ ಪಕ್ಕ ಅದು ನಡುಗುತ್ತ ಕೂತಾಗ, ಚಪಾತಿಗೆ ಹಬ್ಬ.