ಮನೆ ಉಳಿಯಿತು, ಬದುಕು?

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಒಂದು ಅಪರೂಪದ ಸಂಗ್ರಹ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ನಾಶದ ಅಂಚಿನಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಭಟ್ಕಳದ ನವಾಯತರ ಮನೆಯೂ ಅವುಗಳಲ್ಲೊಂದು. ಈ ಸಾಹಸಕ್ಕೆ ನಾವು ಋಣಿಗಳು.

ಆದರೂ ಒಂದು ತಕರಾರಿದೆ. ಕಂಬ, ತೊಲೆ, ಬಾಗಿಲುಗಳೆಲ್ಲ ಬಂದಿವೆ. ಒಲೆಯ ಹೊಗೆ, ಜಗಲಿಯ ಹರಟೆ, ನೆರೆಮನೆಯ ಕೂಗು ಬಂದಿಲ್ಲ. ಮನೆಯೆಂದರೆ ಬರೀ ಮರಗೆಲಸವಲ್ಲ, ಓಣಿಯೊಂದಿಗಿನ ಸಂಬಂಧವೂ ಹೌದು. ಅದನ್ನು ಲಾರಿಗೆ ಹೇರಲಾಗದು.

ಇದು ಸಂಗ್ರಹಕಾರರ ತಪ್ಪಲ್ಲ. ಹೆಂಚು, ಗೆದ್ದಲಿನ ರಗಳೆಯೇ ಬೇಡವೆಂದು ಕಾಂಕ್ರೀಟಿಗೆ ಓಡಿದವರು ನಾವೇ. ಶಕ್ತಿಯುಳ್ಳವರು ಹಳೆ ಮನೆಯನ್ನು ಅದರ ಓಣಿಯಲ್ಲೇ ಕೊಂಡು ಬಾಳಲಿ. ಮಳೆಗಾಲಕ್ಕೆ ಮುನ್ನ ಒಡೆದ ಹೆಂಚು ಬದಲಿಸುವವನಿಗಿಂತ ದೊಡ್ಡ ಪರಂಪರಾ ರಕ್ಷಕ ಯಾರಿದ್ದಾನೆ?